ಭೂಮಿಯ ವಾಲಿಕೆ, ಧ್ರುವದ ಹಿಮ, ಮತ್ತು ಆ ಹಿಮಕ್ಕೆ ಬೇಕಾದ ನೀರು

ಪ್ರಶ್ನೆ: ನಾನು ಹೈಸ್ಕೂಲು ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತೇನೆ. ಭೂಮಿಯ ಕಕ್ಷೆ ಮತ್ತು ವಾಲಿಕೆ ಬದಲಾಗುವುದರಿಂದ ಹಿಮಯುಗಗಳು ಬಂದು ಹೋಗುತ್ತವೆ ಎಂದು ಓದಿದೆ. ಆದರೆ ಸೂರ್ಯನಿಂದ ಭೂಮಿಗೆ ಬರುವ ಒಟ್ಟು ಶಾಖ ಹೆಚ್ಚುಕಡಿಮೆ ಅಷ್ಟೇ ಇರುತ್ತದಂತೆ. ಹಾಗಿದ್ದ ಮೇಲೆ ಧ್ರುವಗಳಲ್ಲಿ ಅಷ್ಟು ದೊಡ್ಡ ಬದಲಾವಣೆ ಹೇಗೆ? ಅಂಟಾರ್ಕ್ಟಿಕಾ ಒಂದು ಮರುಭೂಮಿ ಅಂತಲೂ ಹೇಳುತ್ತಾರೆ. ಹಾಗಾದರೆ ಮೂರು ಕಿಲೋಮೀಟರ್ ದಪ್ಪದ ಹಿಮಕ್ಕೆ ನೀರು ಎಲ್ಲಿಂದ ಬಂತು? ಈಗಿನ ಬಿಸಿಯೂ ಇದೇ ಚಕ್ರದ್ದು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ನಿಜವೇ?

ಉತ್ತರ: ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಹಿಮಯುಗ ಅಂದ ಕೂಡಲೇ ಎಲ್ಲರೂ ಚಳಿಯ ಬಗ್ಗೆ ಕೇಳುತ್ತಾರೆ, ನೀರಿನ ಬಗ್ಗೆ ಕೇಳುವವರು ಕಡಿಮೆ. ಸುಮ್ನೆ ಚಳಿ ಇದ್ದರೆ ಹಿಮ ಕಟ್ಟುವುದಿಲ್ಲ. ಎಲ್ಲೋ ಒಂದು ಸಮುದ್ರದಿಂದ ಆವಿ ಎದ್ದು, ಅಷ್ಟು ದೂರ ಬಂದು ಬೀಳಬೇಕು. ಆ ಆವಿ ಎಲ್ಲಿಂದ, ಎಷ್ಟು ಬರುತ್ತದೆ ಅನ್ನುವುದರಲ್ಲೂ ಭೂಮಿಯ ವಾಲಿಕೆಯ ಕೈವಾಡ ಇದೆ.

ಮೊದಲು ಶಾಖದ ಲೆಕ್ಕ ಮುಗಿಸೋಣ. ಭೂಮಿ ಸೂರ್ಯನನ್ನು ಸುತ್ತುವ ರೀತಿಯಲ್ಲಿ ಮೂರು ಸಂಗತಿಗಳು ನಿಧಾನವಾಗಿ ಬದಲಾಗುತ್ತಿರುತ್ತವೆ. ಕಕ್ಷೆ ಒಮ್ಮೆ ದುಂಡಗೆ, ಒಮ್ಮೆ ತುಸು ಉದ್ದಕ್ಕೆ ಆಗುತ್ತದೆ. ಇದಕ್ಕೆ ಸುಮಾರು 1 ಲಕ್ಷ ಮತ್ತು 4 ಲಕ್ಷ ವರ್ಷಗಳ ಲಯ. ಅಕ್ಷದ ವಾಲಿಕೆ 22.1 ಡಿಗ್ರಿಯಿಂದ 24.5 ಡಿಗ್ರಿಯವರೆಗೆ ಹೋಗಿ ಬರಲು 41,000 ವರ್ಷ. ಅಕ್ಷ ತೋರುವ ದಿಕ್ಕು ಕೂಡ ಸುತ್ತುತ್ತಾ ಹೋಗುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಗುರು, ಶುಕ್ರ ಮೊದಲಾದ ಗ್ರಹಗಳ ಸೆಳೆತ, ಭೂಮಿಯ ಉಬ್ಬಿದ ನಡುವಿನ ಮೇಲೆ ಸೂರ್ಯ-ಚಂದ್ರರ ಎಳೆತ, ಇವೇ ಇದಕ್ಕೆಲ್ಲ ಕಾರಣ.

ಪಾಠದ ಚಿತ್ರಗಳಲ್ಲಿ ಕಕ್ಷೆಯನ್ನು ಸಿಕ್ಕಾಪಟ್ಟೆ ಎಳೆದು ಬರೆದಿರುತ್ತಾರೆ, ದಯವಿಟ್ಟು ಮಕ್ಕಳಿಗೆ ಅದನ್ನು ನಂಬಬೇಡಿ ಅನ್ನಿ. ಸರಿಯಾದ ಅಳತೆಯಲ್ಲಿ ಬರೆದರೆ ಕಣ್ಣಿಗೆ ಕಾಣುವುದು ವೃತ್ತವೇ. ಈಗ ಜನವರಿ ಮೊದಲ ವಾರದಲ್ಲಿ ನಾವು ಸೂರ್ಯನಿಂದ 14.7 ಕೋಟಿ ಕಿಲೋಮೀಟರ್ ದೂರ ಇರುತ್ತೇವೆ, ಜುಲೈ ಮೊದಲ ವಾರದಲ್ಲಿ 15.2 ಕೋಟಿ. ಕಕ್ಷೆ ತೀರಾ ಉದ್ದವಾದಾಗಲೂ ವರ್ಷದಲ್ಲಿ ಭೂಮಿಗೆ ಸಿಗುವ ಒಟ್ಟು ಬಿಸಿಲು ಬದಲಾಗುವುದು ಶೇ 0.2ಕ್ಕಿಂತ ಕಡಿಮೆ. ನೀವು ಓದಿದ್ದು ಸರಿ. ವರ್ಷದ ಸಂಬಳ ಅಷ್ಟೇ, ಯಾವ ತಿಂಗಳು ಎಷ್ಟು ಕೈಗೆ ಬರುತ್ತದೆ, ಮನೆಯಲ್ಲಿ ಯಾರ ಕೈಗೆ ಬರುತ್ತದೆ ಅನ್ನುವುದು ಮಾತ್ರ ಬದಲು. ಧ್ರುವದ ಹಿಮಕ್ಕೆ ಅಷ್ಟು ಸಾಕು.

ಅಕ್ಷದ ದಿಕ್ಕು ಸುತ್ತುವುದು ನಮಗೆ ಹೊಸ ವಿಷಯ ಅಲ್ಲ. ಪಂಚಾಂಗದಲ್ಲಿ ಅಯನಾಂಶ ಅಂತ ಇರುತ್ತದಲ್ಲ, ಅದು ಇದೇ. ನಿಜವಾದ ಉತ್ತರಾಯಣ ಶುರುವಾಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಅಕ್ಷ 72 ವರ್ಷಕ್ಕೆ ಒಂದು ಡಿಗ್ರಿಯಂತೆ ಸರಿದು ಈಗ ಅಂತರ 24 ಡಿಗ್ರಿಯಷ್ಟಾಗಿದೆ. ಇದರ ಜೊತೆಗೆ ಕಕ್ಷೆ ತಾನೇ ನಿಧಾನವಾಗಿ ತಿರುಗುವುದರಿಂದ, ಹವಾಮಾನದ ಮಟ್ಟಿಗೆ ಈ 26,000 ವರ್ಷದ ಸುತ್ತು 19,000 ಮತ್ತು 23,000 ವರ್ಷಗಳ ಲಯವಾಗಿ ಕಾಣುತ್ತದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವ ದಿನ 1246ರ ಸುಮಾರಿಗೆ, ಇಲ್ಲಿ ಹೊಯ್ಸಳರು ಆಳುತ್ತಿದ್ದಾಗ, ಸರಿಯಾಗಿ ಡಿಸೆಂಬರ್ ಅಯನದ ದಿನಕ್ಕೇ ಬಂದಿತ್ತು. ಅಲ್ಲಿಂದೀಚೆಗೆ ಸುಮಾರು 58 ವರ್ಷಕ್ಕೆ ಒಂದು ದಿನದಂತೆ ಮುಂದೆ ಜಾರಿ ಈಗ ಜನವರಿ 3ರ ಆಸುಪಾಸಿಗೆ ಬಂದಿದೆ. 11,000 ವರ್ಷಗಳ ಹಿಂದೆ ಅದು ಜೂನ್ ಕಡೆಗಿತ್ತು. ಆಗ ಉತ್ತರದ ಬೇಸಿಗೆ ಈಗಿನದಕ್ಕಿಂತ ಪ್ರಖರ.

ಇದರಲ್ಲಿ ಒಂದು ತಿರುವು ಇದೆ. ಸೂರ್ಯನ ಹತ್ತಿರ ಇದ್ದಾಗ ಭೂಮಿ ಬೇಗ ಓಡುತ್ತದೆ, ಕೆಪ್ಲರ್ ನಿಯಮ. ಹಾಗಾಗಿ ಪ್ರಖರ ಬೇಸಿಗೆ ಚಿಕ್ಕದು, ಸೌಮ್ಯ ಬೇಸಿಗೆ ಉದ್ದ. ವರ್ಷದ ಸರಾಸರಿ ತೆಗೆದರೆ ಎರಡೂ ಸಮವಾಗಿಬಿಡುತ್ತವೆ. ಅಂದರೆ ಅಕ್ಷದ ಸುತ್ತಾಟ ಒಂದು ಜಾಗದ ವಾರ್ಷಿಕ ಬಿಸಿಲನ್ನು ಬದಲಿಸುವುದೇ ಇಲ್ಲ, ಋತುಗಳ ನಡುವೆ ಹಂಚುತ್ತದೆ ಅಷ್ಟೇ.

ವಾಲಿಕೆ ಹಾಗಲ್ಲ. ಧ್ರುವಕ್ಕೆ ವರ್ಷವಿಡೀ ಸಿಗುವ ಬಿಸಿಲನ್ನೇ ಅದು ಬದಲಿಸುತ್ತದೆ. ವಾಲಿಕೆ 22.1 ಡಿಗ್ರಿ ಇದ್ದಾಗ ಧ್ರುವದ ಮೇಲೆ ವಾತಾವರಣದ ತುದಿಯಲ್ಲಿ ಬೀಳುವ ವಾರ್ಷಿಕ ಸರಾಸರಿ ಚದರ ಮೀಟರಿಗೆ ಸುಮಾರು 163 ವ್ಯಾಟ್. 24.5 ಡಿಗ್ರಿ ಇದ್ದಾಗ ಸುಮಾರು 180 ವ್ಯಾಟ್. ಶೇ 10ರಷ್ಟು ವ್ಯತ್ಯಾಸ! ಸಮಭಾಜಕದ ಹತ್ತಿರ ಇದಕ್ಕೆ ಉಲ್ಟಾ, ವಾಲಿಕೆ ಕಮ್ಮಿಯಾದರೆ ಅಲ್ಲಿ ಬಿಸಿಲು ತುಸು ಏರುತ್ತದೆ. ಈ ಉಲ್ಟಾ ಮಾತನ್ನು ನೆನಪಿಟ್ಟುಕೊಳ್ಳಿ, ನೀರಿನ ಕಥೆ ಇಲ್ಲಿಂದಲೇ ಶುರು.

ವಾಲಿಕೆ ಬದಲಾಗುವುದನ್ನು ಕಣ್ಣಾರೆ ನೋಡುವ ಜಾಗವೂ ಒಂದಿದೆ. ಐಸ್‌ಲ್ಯಾಂಡಿನ ಉತ್ತರಕ್ಕೆ ಗ್ರಿಮ್ಸಿ ಎಂಬ ಪುಟ್ಟ ದ್ವೀಪ. ಆರ್ಕ್ಟಿಕ್ ವೃತ್ತ ಅದರ ಮೇಲೆ ಹಾದುಹೋಗುತ್ತದೆ. ವಾಲಿಕೆ ಈಗ 23.44 ಡಿಗ್ರಿ, ಇಳಿಯುತ್ತಿದೆ. ಅದರಿಂದ ಆರ್ಕ್ಟಿಕ್ ವೃತ್ತ ವರ್ಷಕ್ಕೆ ಸುಮಾರು 14.5 ಮೀಟರ್ ಉತ್ತರಕ್ಕೆ ಸರಿಯುತ್ತಿದೆ. 2017ರಲ್ಲಿ ಅಲ್ಲಿ 3 ಮೀಟರ್ ಅಗಲದ, 8 ಟನ್ ತೂಕದ ಕಾಂಕ್ರೀಟ್ ಗೋಳವೊಂದನ್ನು ಇಟ್ಟರು, ವೃತ್ತ ಸರಿದ ಹಾಗೆ ಅದನ್ನೂ ಉರುಳಿಸಿಕೊಂಡು ಹೋಗುವ ಉದ್ದೇಶದಿಂದ. ಈ ಶತಮಾನದ ನಡುವಿಗೆ ವೃತ್ತ ದ್ವೀಪ ಬಿಟ್ಟು ಸಮುದ್ರಕ್ಕೆ ಇಳಿದುಬಿಡುತ್ತದೆ. ನಮ್ಮ ದೇಶದ ಮೇಲೆ ಹಾಯುವ ಕರ್ಕಾಟಕ ಸಂಕ್ರಾಂತಿ ವೃತ್ತವೂ ಅಷ್ಟೇ ವೇಗದಲ್ಲಿ ದಕ್ಷಿಣಕ್ಕೆ ಬರುತ್ತಿದೆ.

ಈಗ ನೀರು. 25 ಡಿಗ್ರಿಯ ಗಾಳಿಯ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ 23 ಗ್ರಾಂ ಆವಿ ಇರಬಹುದು. ಮೈನಸ್ 30 ಡಿಗ್ರಿಯಲ್ಲಿ 0.34 ಗ್ರಾಂ. ಮೈನಸ್ 50ರಲ್ಲಿ 0.04 ಗ್ರಾಂ. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ವರ್ಷದ ಸರಾಸರಿ ತಾಪವೇ ಮೈನಸ್ 54 ಡಿಗ್ರಿ. ಅಲ್ಲಿ ವರ್ಷಕ್ಕೆ ಬೀಳುವ ಹಿಮ ಕರಗಿಸಿದರೆ ಬರುವುದು ಸುಮಾರು 25 ಮಿಲಿಮೀಟರ್ ನೀರು. ಬರಕ್ಕೆ ಹೆಸರಾದ ಚಳ್ಳಕೆರೆಯಲ್ಲೂ ಒಂದೇ ಒಂದು ಒಳ್ಳೆ ಮಳೆಗೆ ಇಷ್ಟು ಬೀಳುತ್ತದೆ. ಅದೂ ಬಹಳ ಸಲ ಮೋಡದಿಂದ ಬೀಳುವ ಹಿಮ ಅಲ್ಲ. ಆಕಾಶ ಸ್ವಚ್ಛ ಇರುವಾಗಲೇ ಗಾಳಿಯಲ್ಲಿದ್ದ ಚೂರುಪಾರು ಆವಿ ಸಣ್ಣ ಹರಳಾಗಿ, ಬಿಸಿಲಿಗೆ ಮಿನುಗುತ್ತಾ ಇಳಿಯುತ್ತದೆ. ಮರುಭೂಮಿ ಅನ್ನುವುದು ಸರಿಯಾದ ಮಾತೇ. ಬಿದ್ದದ್ದು ಕರಗುವುದಿಲ್ಲ, ಅದಕ್ಕೇ ಲಕ್ಷಾಂತರ ವರ್ಷದಲ್ಲಿ ಮೂರು ಕಿಲೋಮೀಟರ್ ಆಯಿತು.

ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಅಂಟಾರ್ಕ್ಟಿಕಾದ ಒಳಭಾಗದಲ್ಲಿ ಚಳಿ ಹೆಚ್ಚಿದರೆ ಹಿಮ ಬೀಳುವುದು ಕಡಿಮೆಯಾಗುತ್ತದೆ! 20,000 ವರ್ಷಗಳ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಅಲ್ಲಿ ಬೀಳುತ್ತಿದ್ದ ಹಿಮ ಈಗಿನ ಅರ್ಧದಷ್ಟು. ಜಗತ್ತಿನ ಬೇರೆ ಕಡೆ ಹಿಮ ಬೆಳೆಯುತ್ತಿದ್ದಾಗ, ಅಂಟಾರ್ಕ್ಟಿಕಾದ ಅಂಚುಗಳು ಸಮುದ್ರದ ಕಡೆ ಚಾಚುತ್ತಿದ್ದಾಗ, ನಟ್ಟನಡುವೆ ಮಾತ್ರ ಹಿಮದ ಬರ.

ಹಾಗಾದರೆ ಆ ಸ್ವಲ್ಪ ನೀರಾದರೂ ಎಲ್ಲಿಂದ ಬಂತು? ಇದನ್ನು ಹಿಮವೇ ಹೇಳುತ್ತದೆ, ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ಅತ್ಯಂತ ಸೊಗಸಾದ ಭಾಗ. ಸಮುದ್ರದ ನೀರಿನಲ್ಲಿ ಎಲ್ಲ ಕಣಗಳೂ ಒಂದೇ ತೂಕದವಲ್ಲ. ಸುಮಾರು 6,400 ಹೈಡ್ರೋಜನ್ ಪರಮಾಣುಗಳಲ್ಲಿ ಒಂದು ಭಾರದ್ದು, ಅದೇ ಡ್ಯೂಟೀರಿಯಂ. ಆಮ್ಲಜನಕದಲ್ಲಿ ಸಾವಿರಕ್ಕೆ ಎರಡು ಭಾರದವು. ನೀರು ಆವಿಯಾಗುವಾಗ ಹಗುರ ಕಣ ಸುಲಭವಾಗಿ ಏಳುತ್ತದೆ. ಮಳೆಯೋ ಹಿಮವೋ ಆಗುವಾಗ ಭಾರದ್ದು ಮೊದಲು ಬೀಳುತ್ತದೆ. ಧ್ರುವದ ಕಡೆ ಸಾಗುತ್ತಾ ಸಾಗುತ್ತಾ ಮೋಡದಲ್ಲಿ ಭಾರದ ಕಣ ಖಾಲಿಯಾಗುತ್ತಾ ಬರುತ್ತದೆ. ಚಳಿ ಜಾಸ್ತಿ ಇದ್ದಷ್ಟೂ ಹೆಚ್ಚು ಖಾಲಿ. ಹೀಗೆ ಹಳೆಯ ಹಿಮದಿಂದ ಹಳೆಯ ತಾಪ ತಿಳಿಯುತ್ತದೆ.

ಇದರ ಮೇಲೆ ಇನ್ನೊಂದು ಸೂಕ್ಷ್ಮ ಇದೆ. ಡ್ಯೂಟೀರಿಯಂನ ಏರಿಳಿತ ಸಾಮಾನ್ಯವಾಗಿ ಭಾರದ ಆಮ್ಲಜನಕದ ಏರಿಳಿತದ 8 ಪಟ್ಟು ಇರುತ್ತದೆ. ಆ 8 ಪಟ್ಟಿನ ಲೆಕ್ಕ ಕಳೆದು ಉಳಿಯುವ ಚಿಲ್ಲರೆಗೆ ಡ್ಯೂಟೀರಿಯಂ ಎಕ್ಸೆಸ್ ಎಂದು ಹೆಸರು. ಈ ಚಿಲ್ಲರೆಯಲ್ಲಿ, ಆವಿ ಎದ್ದ ಸಮುದ್ರ ಎಷ್ಟು ಬೆಚ್ಚಗಿತ್ತು, ಅದರ ಮೇಲಿನ ಗಾಳಿ ಎಷ್ಟು ಒಣಗಿತ್ತು ಎಂಬ ಸುಳಿವು ಉಳಿದಿರುತ್ತದೆ. ಬೆಚ್ಚನೆ ಸಮುದ್ರ, ಒಣ ಗಾಳಿ ಇದ್ದರೆ ಚಿಲ್ಲರೆ ಹೆಚ್ಚು. ಹಿಮ ಎಲ್ಲಿ ಬಿತ್ತು ಅನ್ನುವುದಲ್ಲ, ಎಲ್ಲಿಂದ ಹೊರಟಿತು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ರಷ್ಯನ್ನರ ವೋಸ್ಟಾಕ್ ಕೇಂದ್ರದಲ್ಲಿ 1998ರ ಹೊತ್ತಿಗೆ 3,623 ಮೀಟರ್ ಆಳದವರೆಗೆ ಕೊರೆದಿದ್ದರು. ಭೂಮಿಯ ಮೇಲೆ ಉಪಕರಣದಿಂದ ಅಳೆದ ಅತಿ ಕಡಿಮೆ ತಾಪ, ಮೈನಸ್ 89.2 ಡಿಗ್ರಿ, 1983ರ ಜುಲೈ 21ರಂದು ದಾಖಲಾದ ಜಾಗ ಅದು. ಅಲ್ಲಿ ತೆಗೆದ ಹಿಮದ ಕಂಬದಲ್ಲಿ 4 ಲಕ್ಷಕ್ಕೂ ಹೆಚ್ಚು ವರ್ಷಗಳ ದಾಖಲೆ ಸಿಕ್ಕಿತು. 1999ರಲ್ಲಿ ಫ್ರಾನ್ಸಿನ ಫ್ರಾಂಸ್ವಾಸ್ ವಿಮೊ ಮತ್ತು ಸಂಗಡಿಗರು ಅದರ ಡ್ಯೂಟೀರಿಯಂ ಎಕ್ಸೆಸ್ ನೋಡಿದಾಗ 41,000 ವರ್ಷದ ಲಯ ಎದ್ದು ಕಂಡಿತು. ಅದೂ ತಲೆಕೆಳಗಾಗಿ. ವಾಲಿಕೆ ಇಳಿದಾಗ ಚಿಲ್ಲರೆ ಏರುತ್ತದೆ, ವಾಲಿಕೆ ಏರಿದಾಗ ಚಿಲ್ಲರೆ ಇಳಿಯುತ್ತದೆ.

ಇದಕ್ಕೆ ಕೊಟ್ಟ ವಿವರಣೆ ಇದು. ವಾಲಿಕೆ ಕಡಿಮೆ ಇದ್ದಾಗ ಧ್ರುವಕ್ಕೆ ಬಿಸಿಲು ಕಮ್ಮಿ, ಉಷ್ಣವಲಯಕ್ಕೆ ತುಸು ಹೆಚ್ಚು. ಎರಡರ ನಡುವಿನ ಅಂತರ ಹಿಗ್ಗುತ್ತದೆ. ಗಾಳಿ ನಡೆಯುವುದೇ ಈ ಅಂತರದಿಂದ, ಅಲ್ವಾ? ಬೆಚ್ಚನೆ ಸಮುದ್ರಗಳ ಆವಿ ಧ್ರುವದ ಕಡೆ ಜೋರಾಗಿ ಸಾಗುತ್ತದೆ. ಅಂಟಾರ್ಕ್ಟಿಕಾದ ಅಕ್ಕಪಕ್ಕದ ಸಮುದ್ರವಾದರೋ ತಣ್ಣಗಾಗಿ ಕಡಿಮೆ ಆವಿ ಕೊಡುತ್ತದೆ. ಹಾಗಾಗಿ ಬೀಳುವ ಹಿಮದಲ್ಲಿ ದೂರದ ಬೆಚ್ಚನೆ ನೀರಿನ ಪಾಲು ಹೆಚ್ಚು. ವಾಲಿಕೆ ಏರಿದಾಗ ಪಕ್ಕದ ತಣ್ಣನೆ ಸಮುದ್ರದ ಪಾಲು ಹೆಚ್ಚು. ಧ್ರುವದ ತಾಪವನ್ನಷ್ಟೇ ನೋಡುತ್ತಾ ಕೂತಿದ್ದರೆ ಈ ಸಂಗತಿ ಸಿಗುತ್ತಲೇ ಇರಲಿಲ್ಲ.

ಉತ್ತರದ ಕಡೆ ಕಥೆ ಬೇರೆ. ಅಲ್ಲಿ ಧ್ರುವದ ಮೇಲೆ ಇರುವುದು ಸಮುದ್ರ, ಸುತ್ತ ಕೆನಡಾ, ಸ್ಕ್ಯಾಂಡಿನೇವಿಯಾ, ಸೈಬೀರಿಯಾ. ಹಿಮ ಕಟ್ಟಬೇಕಾದ್ದು ಈ ನೆಲಗಳ ಮೇಲೆ. 19ನೇ ಶತಮಾನದಲ್ಲಿ ಜೇಮ್ಸ್ ಕ್ರಾಲ್ ಎಂಬ ಸ್ಕಾಟ್‌ಲ್ಯಾಂಡಿನವನು, ಗ್ಲಾಸ್ಗೋದ ಒಂದು ಕಾಲೇಜಿನ ಮ್ಯೂಸಿಯಂನಲ್ಲಿ ಜವಾನನಾಗಿದ್ದುಕೊಂಡೇ, ಕಕ್ಷೆಗೂ ಹಿಮಯುಗಕ್ಕೂ ಗಂಟು ಹಾಕಿದ. ಚಳಿಗಾಲ ಕಠಿಣವಾದರೆ ಹಿಮ ಬೆಳೆಯುತ್ತದೆ ಅನ್ನುವುದು ಅವನ ವಾದ. ಕೇಳಲು ಸರಿ ಅನಿಸುತ್ತದೆ. ಆದರೆ ಆರ್ಕ್ಟಿಕ್ ಕೆನಡಾದ ಚಳಿಗಾಲ ಹೇಗೂ ಸೊನ್ನೆಗಿಂತ ಎಷ್ಟೋ ಕೆಳಗೆ. ಇನ್ನೂ ಐದು ಡಿಗ್ರಿ ಇಳಿದರೆ ಗಾಳಿಯಲ್ಲಿ ಆವಿ ಕಮ್ಮಿಯಾಗಿ ಹಿಮ ಬೀಳುವುದೂ ಕಮ್ಮಿಯಾದೀತು. ಬಿದ್ದ ಹಿಮ ಬೇಸಿಗೆಯಲ್ಲಿ ಕರಗದೆ ಉಳಿಯುತ್ತದೆಯೇ, ಅದು ಮುಖ್ಯ. ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಇದನ್ನು ಹಿಡಿದರು, ಹವಾಮಾನ ತಜ್ಞ ಕೊಪ್ಪೆನ್ ಕೊಟ್ಟ ಸಲಹೆಯಿಂದ. ಮೊದಲ ಮಹಾಯುದ್ಧದಲ್ಲಿ ಸೆರೆಯಾಗಿದ್ದಾಗಲೂ ಅವರು ಲೆಕ್ಕ ಬಿಡಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಲಕ್ಷಾಂತರ ವರ್ಷಗಳ ಬಿಸಿಲನ್ನು ಕೈಯಲ್ಲೇ ಲೆಕ್ಕ ಹಾಕಿ 1941ರಲ್ಲಿ ಪೂರ್ತಿ ಪ್ರಕಟಿಸಿದರು. ಒಪ್ಪಿಕೊಂಡವರು ಕಡಿಮೆ. ಅವರು ತೀರಿಕೊಂಡದ್ದು 1958ರಲ್ಲಿ. 1976ರಲ್ಲಿ ಹೇಸ್, ಇಂಬ್ರಿ, ಶ್ಯಾಕಲ್ಟನ್ ಎಂಬ ಮೂವರು, ಹಿಂದೂ ಮಹಾಸಾಗರದ ದಕ್ಷಿಣ ಭಾಗದ ತಳದಿಂದ ತೆಗೆದ ಕೆಸರಿನಲ್ಲಿ ಈ ಲಯಗಳನ್ನೆಲ್ಲ ತೋರಿಸಿದ ಮೇಲೆ ಮಾತು ಬದಲಾಯಿತು.

ಸುಮಾರು 1,15,000 ವರ್ಷಗಳ ಹಿಂದೆ, ಕಳೆದ ಹಿಮಯುಗ ಶುರುವಾದಾಗ, ಉತ್ತರದ ಬೇಸಿಗೆಯಲ್ಲಿ ಭೂಮಿ ಸೂರ್ಯನಿಂದ ದೂರ ಇತ್ತು. ಕಕ್ಷೆ ಈಗಿನದಕ್ಕಿಂತ ಉದ್ದವಾಗಿತ್ತು, ವಾಲಿಕೆಯೂ ಕಡಿಮೆ. ಬೇಸಿಗೆ ಸಪ್ಪೆ. ಕೆನಡಾದ ಬ್ಯಾಫಿನ್ ದ್ವೀಪದಂಥ ಎತ್ತರದ ನೆಲದಲ್ಲಿ ಹಿಮ ಕರಗದೆ ಉಳಿಯತೊಡಗಿತು. ನೀರು? ಅಟ್ಲಾಂಟಿಕ್‌ನ ಉತ್ತರ ಭಾಗ ಆಗಿನ್ನೂ ತಣ್ಣಗಾಗಿರಲಿಲ್ಲ. ರಡಿಮನ್ ಮತ್ತು ಮ್ಯಾಕಿಂಟೈರ್ ಎಂಬಿಬ್ಬರು ಸಮುದ್ರತಳದ ಸೂಕ್ಷ್ಮಜೀವಿಗಳ ಚಿಪ್ಪುಗಳಿಂದ ಇದನ್ನು 1979ರಲ್ಲಿ ತೋರಿಸಿದರು. ಪಕ್ಕದಲ್ಲಿ ಬೆಚ್ಚನೆ ಸಮುದ್ರ, ಇತ್ತ ತಣ್ಣನೆ ನೆಲ. ಆವಿ ಎದ್ದು ನೇರ ಹಿಮವಾಗಿ ಸುರಿಯಲು ಇದಕ್ಕಿಂತ ಒಳ್ಳೆ ಜೋಡಿ ಬೇಕೇ? ಹಾಗೆ ಬೆಳೆದ ಹಿಮ ಕೊನೆಗೆ ಕೆನಡಾವನ್ನೇ ಮುಚ್ಚಿತು. ಅಷ್ಟು ನೀರು ನೆಲದ ಮೇಲೆ ಕೂತ ಕಾರಣ 20,000 ವರ್ಷಗಳ ಹಿಂದೆ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆ ಹಿಮದ ಕೊನೆಯ ತುಣುಕು ಬ್ಯಾಫಿನ್ ದ್ವೀಪದ ಮೇಲೆ ಇಂದಿಗೂ ಇದೆ, ಹೆಸರು ಬಾರ್ನ್ಸ್ ಐಸ್ ಕ್ಯಾಪ್. ಅದೂ ಕರಗುತ್ತಿದೆ.

ಒಂದು ಗೊಂದಲ ಇಲ್ಲಿ ಬರಬೇಕು, ನಿಮ್ಮ ಮಕ್ಕಳಲ್ಲಿ ಯಾರಾದರೂ ಕೇಳಿಯಾರು. ಉತ್ತರದ ಬೇಸಿಗೆ ಸಪ್ಪೆಯಾದಾಗ ದಕ್ಷಿಣದ ಬೇಸಿಗೆ ಪ್ರಖರ ಆಗಬೇಕಲ್ಲ? ಆದರೂ ಎರಡೂ ಕಡೆ ಹಿಮಯುಗ ಒಟ್ಟಿಗೆ ಬಂದದ್ದು ಹೇಗೆ? ಹೆಚ್ಚಿನವರು ಹೇಳುವುದು ಹೀಗೆ: ಉತ್ತರದ ಹಿಮ ಬೆಳೆದಾಗ ಸಮುದ್ರ ಇಳಿಯುತ್ತದೆ, ಸಾಗರದ ಹರಿವು ಬದಲಾಗುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಕುಸಿಯುತ್ತದೆ. ಹಿಮಯುಗದಲ್ಲಿ ಅದು ಹತ್ತು ಲಕ್ಷಕ್ಕೆ 180 ಭಾಗ, ನಡುವಿನ ಬೆಚ್ಚನೆ ಕಾಲದಲ್ಲಿ 280. ಇದು ಇಡೀ ಭೂಮಿಗೆ ಒಂದೇ. ಇನ್ನು ಕೆಲವರು, ದಕ್ಷಿಣ ತನ್ನ ಬೇಸಿಗೆಯ ಪ್ರಖರತೆಗಿಂತ ಅದರ ಉದ್ದಕ್ಕೆ ಹೆಚ್ಚು ಓಗೊಡುತ್ತದೆ ಎನ್ನುತ್ತಾರೆ. ಉತ್ತರದ ಬೇಸಿಗೆ ಪ್ರಖರವಾದಾಗ ದಕ್ಷಿಣದ ಬೇಸಿಗೆ ಉದ್ದವಾಗುತ್ತದಲ್ಲ, ಹಾಗಾಗಿ ಎರಡೂ ತಾಳೆಯಾಗುತ್ತವೆ. ಎರಡೂ ವಾದಗಳಲ್ಲಿ ಹುರುಳಿದೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನೂ ಬಗೆಹರಿಯದ್ದು ಬೇರೊಂದಿದೆ. ಸುಮಾರು 10 ಲಕ್ಷ ವರ್ಷಗಳ ಹಿಂದಿನವರೆಗೂ ಹಿಮಯುಗಗಳು ವಾಲಿಕೆಯ ತಾಳಕ್ಕೆ, 41,000 ವರ್ಷಕ್ಕೊಮ್ಮೆ ಬರುತ್ತಿದ್ದವು. ಆಮೇಲೆ ನಿಧಾನಕ್ಕೆ 1 ಲಕ್ಷ ವರ್ಷದ ತಾಳಕ್ಕೆ ಬಿದ್ದವು. ಕಕ್ಷೆ ಬದಲಾಗಿಲ್ಲ, ಹಿಮ ವರ್ತಿಸುವ ರೀತಿ ಬದಲಾಯಿತು. ಯಾಕೆ? ಡೋಮ್ ಸಿಯಲ್ಲಿ ಕೊರೆದು ತೆಗೆದ ಹಿಮ 8 ಲಕ್ಷ ವರ್ಷದವರೆಗೆ ಮಾತ್ರ ಹೋಗುತ್ತದೆ. ಅದಕ್ಕೇ ಯುರೋಪಿನ ತಂಡ ಹತ್ತಿರದ ಲಿಟಲ್ ಡೋಮ್ ಸಿ ಎಂಬಲ್ಲಿ ಮತ್ತೆ ಕೊರೆಯಿತು. 2025ರ ಜನವರಿಯಲ್ಲಿ 2,800 ಮೀಟರ್ ಉದ್ದದ ಕಂಬ ತೆಗೆದದ್ದಾಗಿ ಪ್ರಕಟಿಸಿತು, ಅದರ ಹಿಮ 12 ಲಕ್ಷ ವರ್ಷಕ್ಕೂ ಹಳೆಯದು.

ವಾಟ್ಸ್‌ಆ್ಯಪ್ ವಿಷಯಕ್ಕೆ ಉತ್ತರ ಚಿಕ್ಕದು: ಸುಳ್ಳು. ಈಗ ವಾಲಿಕೆ ಇಳಿಯುತ್ತಿದೆ, ಉತ್ತರದ ಬೇಸಿಗೆಯಲ್ಲಿ ನಾವು ಸೂರ್ಯನಿಂದ ದೂರ ಇದ್ದೇವೆ. ಕಕ್ಷೆಯ ಮಾತೇ ನಡೆದಿದ್ದರೆ ಆರ್ಕ್ಟಿಕ್ ಬೇಸಿಗೆ ನಿಧಾನಕ್ಕೆ ತಣ್ಣಗಾಗಬೇಕಿತ್ತು. ಆಗುತ್ತಲೂ ಇತ್ತು, ಸಾವಿರ ವರ್ಷಕ್ಕೆ ಸುಮಾರು 0.2 ಡಿಗ್ರಿಯಂತೆ. 20ನೇ ಶತಮಾನದಲ್ಲಿ ಅದು ತಿರುಗಿತು. 1979ರಿಂದೀಚೆಗೆ ಆರ್ಕ್ಟಿಕ್ ಇಡೀ ಭೂಮಿಯ ಸರಾಸರಿಗಿಂತ ನಾಲ್ಕು ಪಟ್ಟಿನಷ್ಟು ವೇಗದಲ್ಲಿ ಬಿಸಿಯಾಗಿದೆ. ಕಕ್ಷೆಯ ಚಕ್ರಕ್ಕೆ ಸಾವಿರಾರು ವರ್ಷ ಬೇಕು, ಇದಕ್ಕೆ ನಲವತ್ತು-ಐವತ್ತು ವರ್ಷ ಸಾಕಾಯಿತು. ಇಂಗಾಲದ ಡೈಆಕ್ಸೈಡ್ ಈಗ ಹತ್ತು ಲಕ್ಷಕ್ಕೆ 420 ಭಾಗ ದಾಟಿದೆ, ಕಳೆದ 8 ಲಕ್ಷ ವರ್ಷಗಳ ಹಿಮದಲ್ಲಿ ಸಿಕ್ಕಿಕೊಂಡ ಗಾಳಿಯಲ್ಲಿ ಎಲ್ಲೂ ಇಷ್ಟು ಇಲ್ಲ. "ಮುಂದಿನ ಹಿಮಯುಗ ಬಂದು ಎಲ್ಲ ಸರಿಹೋಗುತ್ತದೆ" ಅನ್ನುವ ಸಮಾಧಾನವೂ ಬೇಡ. ಮುಂದಿನ ಹತ್ತಿಪ್ಪತ್ತು ಸಾವಿರ ವರ್ಷಗಳಲ್ಲಿ ಕಕ್ಷೆ ಇನ್ನೂ ದುಂಡಗಾಗುತ್ತಾ ಹೋಗುತ್ತದೆ. ದುಂಡಗಿನ ಕಕ್ಷೆಯಲ್ಲಿ ಹತ್ತಿರ-ದೂರದ ಆಟಕ್ಕೆ ಬಲವಿಲ್ಲ.

ನೀವು ಕೇಳಲಿಲ್ಲ, ಆದರೂ ತರಗತಿಗೆ ಉಪಯೋಗಕ್ಕೆ ಬರುತ್ತದೆ. ಕೆನಡಾದ ಹಿಮವನ್ನು ಕರಗಿಸಿದ, ಸುಮಾರು 11,000 ವರ್ಷಗಳ ಹಿಂದಿನ ಆ ಪ್ರಖರ ಬೇಸಿಗೆಗಳೇ ನಮ್ಮ ಮುಂಗಾರನ್ನೂ ಜೋರು ಮಾಡಿದವು. ಏಷ್ಯಾದ ನೆಲ ಹೆಚ್ಚು ಕಾದು, ಸಮುದ್ರದ ತೇವವನ್ನು ಹೆಚ್ಚು ಎಳೆಯಿತು. ಪರಿಸರ ವಿಜ್ಞಾನಿ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಎತ್ತರದ ಜೌಗುಮಣ್ಣನ್ನು ಅಗೆದು, ಅದರಲ್ಲಿನ ಇಂಗಾಲ ಯಾವ ಬಗೆಯ ಗಿಡದ್ದು ಎಂದು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಹಿಮಯುಗದ ತುತ್ತತುದಿಯ ಕಾಲದ ಪದರಗಳಲ್ಲಿ ಒಣ ಹವೆಗೆ ಒಗ್ಗುವ ಹುಲ್ಲಿನ ಗುರುತು. ಸುಮಾರು 11,000 ವರ್ಷ ಹಿಂದಿನ ಪದರದಲ್ಲಿ ತೇವ ಬೇಕಾದ ಗಿಡಗಳದ್ದು. ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ಸಿಗುವ ಊಟಿಯ ಬೆಟ್ಟಗಳು ಅವೇ.